ಎಡಕ್ಕೆ ಬಿದ್ದ ಹೂವು

ನೀಲಾಂಬಿಕಾ ಮೇಡಂ ಮಾಡೋ ಕೆಲಸಕ್ಕೆ ಬಸವೇಶ್ವರನಗರದಲ್ಲಿ ಇನ್ನೂ ಸರಿಯಾದ ಹೆಸರು ಹುಟ್ಟಿಲ್ಲ. ಬೋರ್ಡಿನ ಮೇಲೇನೋ ‘ಕೆರಿಯರ್ ಕೌನ್ಸೆಲರ್’ ಅಂತಿದೆ. ಆದರೆ ಕೆಳಗಿನ ಮೆಡಿಕಲ್ ಶಾಪಿನವನನ್ನು ಕೇಳಿ ನೋಡಿ, "ಯಾವ ಕೋರ್ಸ್ ತಗೋಬೇಕು ಅಂತ ಹೇಳ್ತಾರಲ್ಲ, ಆ ಆಂಟೀನಾ? ಮೇಲ್ಗಡೆ ಹೋಗಿ" ಅಂತಾನೆ. ಹೇಳೋದೇನು ಮಣ್ಣು, ಅಂತ ಮೇಡಂ ಗೊಣಗ್ತಾರೆ. ಬರೋರಲ್ಲಿ ಮುಕ್ಕಾಲು ಪಾಲು ಜನ ಮನೆಯಲ್ಲೇ ತೀರ್ಮಾನ ಮಾಡ್ಕೊಂಡು ಬಂದಿರ್ತಾರೆ. ಇವರು ಬರೀ ತಲೆ ಆಡಿಸ್ಬೇಕು. ಆಡಿಸದೆ ಹೋದರೆ ಮುಖ ಸಿಂಡರಿಸ್ಕೊಂಡು ಎದ್ದು ಹೋಗ್ತಾರೆ.

ಮೇಡಂ ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ. ಮದುವೆಯಾಗಿ ವಿಜಯನಗರಕ್ಕೆ ಬಂದು, ಬೆಂಗಳೂರು ಮಾತು ನಾಲಿಗೆಗೆ ಹತ್ತಿ ಎಷ್ಟೋ ಕಾಲವಾಯಿತು. ಸಿಟ್ಟು ಬಂದಾಗ ಮಾತ್ರ ಊರಿನ ಮಾತು ತಾನಾಗಿ ಹೊರಗೆ ಬರುತ್ತೆ. ಆಗ ಎದುರಿಗಿದ್ದವರು ಸ್ವಲ್ಪ ಹಿಂದೆ ಸರಿದು ಕೂತ್ಕೊಳ್ಳೋದು ಒಳ್ಳೇದು.

ವಾರಕ್ಕೊಮ್ಮೆ ಶ್ರೀಗಂಧದ ಕಾವಲಿನ ಒಂದು ಶಾಲೆಗೂ ಹೋಗಿ ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಮಾತಾಡೋ ರೂಢಿ ಇವರಿಗೆ. ದಿವ್ಯ ಸಿಕ್ಕಿದ್ದು ಅಲ್ಲೇ. ಮುಂದೇನು ಓದ್ತೀಯ ಅಂದರೆ ಮಿಕ್ಕ ಮಕ್ಕಳೆಲ್ಲ ಸೈನ್ಸು, ಕಾಮರ್ಸು ಅಂತ ಗಿಳಿಪಾಠ ಒಪ್ಪಿಸಿದರು. ಈ ಹುಡುಗಿ ತನ್ನ ಊಟದ ಡಬ್ಬಿಯನ್ನ ಬೋರಲು ಹಾಕಿ ಅದರ ತಳ ತೋರಿಸಿದಳು.

"ಮೇಡಂ, ಇಲ್ಲೊಂದು ಚುಕ್ಕೆ ಇದೆ ನೋಡಿ. ನಮ್ಮನೆ ಬಕೆಟ್ಟಿಗೂ ಇದೆ, ಮಗ್ಗಿಗೂ ಇದೆ. ಯಾಕೆ ಎಲ್ಲದಕ್ಕೂ ತಳದಲ್ಲೇ ಇರುತ್ತೆ?"

ಮೇಡಂಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಮಗ್ಗಿನಲ್ಲಿ ನೀರು ಹೊಯ್ಕೊಂಡ ಹೆಂಗಸು, ಒಂದು ದಿನವಾದರೂ ಅದರ ತಳ ನೋಡಿದವರಲ್ಲ. ಆ ಸಂಜೆ ಮನೆಗೆ ಹೋದವರೇ ಇದ್ದಬದ್ದ ಡಬ್ಬಿಯನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿದರು. ಇವಳಿಗೇನಾಯ್ತಪ್ಪ ಅಂತ ಯಜಮಾನರು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಗೊತ್ತಿದ್ದವರನ್ನ ಕೇಳಿ ತಿಳ್ಕೊಂಡಿದ್ದಾಯಿತು. ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ನುಗ್ಗೋ ಜಾಗ ಅದು, ಡಬ್ಬಿ ಆರಿ ಹೊರಗೆ ಬಂದ ಮೇಲೂ ಗುರುತು ಉಳಿಯುತ್ತೆ. ಪ್ಲಾಸ್ಟಿಕ್ಕಿಗಾಗಲಿ ತಗಡಿಗಾಗಲಿ, ಅಂಥ ಅಚ್ಚನ್ನ ಉಕ್ಕಿನಲ್ಲಿ ಕೊರೆದು ಮಾಡೋದೇ ಒಂದು ವಿದ್ಯೆ. ಟೂಲ್ ಅಂಡ್ ಡೈ ಅಂತ ಅದಕ್ಕೆ ಡಿಪ್ಲೊಮಾ ಇದೆ, ಹತ್ತನೇ ಕ್ಲಾಸು ಆದವರು ಸೇರಬಹುದು.

ಮಕ್ಕಳನ್ನ ಒಂದು ದಿನ ಆ ಡಿಪ್ಲೊಮಾ ಕಲಿಸೋ ರಾಜಾಜಿನಗರದ ಕಡೆಯ ಟೂಲ್ ರೂಮಿಗೆ ಕರ್ಕೊಂಡು ಹೋದರು. ಮಿಕ್ಕವರು ಸೆಲ್ಫಿ ತಗೊಂಡರು. ದಿವ್ಯ ಒಂದು ಅಚ್ಚಿನ ಮುಂದೆ ನಿಂತವಳು ಅಲ್ಲಿಂದ ಅಲ್ಲಾಡಲಿಲ್ಲ. ಕೈ ಹಿಡಿದು ಎಳ್ಕೊಂಡು ಬರಬೇಕಾಯಿತು. ಅವತ್ತೇ ಮೇಡಂ ಮನಸ್ಸಿನಲ್ಲಿ ಅಂದುಕೊಂಡರು, ಈ ಮಗೂನ ಇಲ್ಲಿಗೆ ಸೇರಿಸದೆ ಬಿಡಲ್ಲ ಅಂತ. ರಿಸಲ್ಟು ಬಂತು, ಅರ್ಜಿ ಹೋಯಿತು, ಪ್ರವೇಶ ಪರೀಕ್ಷೆಯೂ ಆಯಿತು, ಸೀಟೂ ಸಿಕ್ಕಿತು. ಸೋಮವಾರ ಹೋಗಿ ಸೇರೋದೊಂದೇ ಬಾಕಿ. ಸೋಮವಾರ ಹೋಗದಿದ್ದರೆ ಆ ಸೀಟು ಬೇರೆಯವರ ಪಾಲು.

ಶನಿವಾರ ಸಂಜೆ ದಿವ್ಯಳ ಅಪ್ಪ ಕೃಷ್ಣಯ್ಯ ಮೆಟ್ಟಿಲು ಹತ್ತಿ ಬಂದರು. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ನೋಡ್ಕೊಳ್ಳೋ ಮನುಷ್ಯ. ಮೊದಲು ಅಲ್ಲೇ ತಗಡು ಒತ್ತೋ ಪವರ್ ಪ್ರೆಸ್ ನಡೆಸ್ತಿದ್ದರು. ದಿವ್ಯ ಅಂಗನವಾಡಿಗೆ ಹೋಗ್ತಿದ್ದ ಕಾಲದಲ್ಲಿ ಆ ಪ್ರೆಸ್ಸು ಅವರ ಬಲಗೈಯ ಎರಡು ಬೆರಳಿನ ತುದಿ ತಗೊಂಡಿತ್ತು.

"ತಪ್ಪು ತಿಳ್ಕೋಬೇಡಿ ಮೇಡಂ. ಆ ಕೋರ್ಸು ಬೇಡ. ಕಾಮರ್ಸಿಗೆ ಹಾಕ್ತೀವಿ. ನಾಳೆ ಬ್ಯಾಂಕಲ್ಲಿ ಫ್ಯಾನ್ ಕೆಳಗೆ ಕೂತ್ಕೊಂಡು ಕೆಲಸ ಮಾಡ್ಲಿ."

"ಇದೇನ್ ಸಾರ್ ಹಿಂಗಂತೀರ. ನೀವೇ ಬಂದು ಸೈನ್ ಹಾಕಿದ್ರಲ್ಲ."

"ಹಾಕಿದ್ದೆ. ಆದ್ರೆ ನಮ್ಮಮ್ಮ ಗುಡೀಲಿ ಹೂ ಕೇಳಿದ್ರು. ಎಡಕ್ಕೆ ಬಿತ್ತು."

ಹೂ ಕೇಳೋದು ಅಂದರೆ ಆ ಕಡೆಯ ಹಳೇ ಮನೆತನಗಳಲ್ಲಿ ಕೊನೇ ಮಾತು. ಪೂಜಾರಿ ದೇವಿಯ ಎರಡು ಭುಜಕ್ಕೂ ಹೂ ಅಂಟಿಸ್ತಾರೆ. ಕೇಳೋರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳ್ತಾರೆ. ಬಲಗಡೆ ಹೂ ಬಿದ್ದರೆ ಅಮ್ಮ ಒಪ್ಪಿದಳು, ಎಡಗಡೆ ಬಿದ್ದರೆ ಇಲ್ಲ. ಮದುವೆ, ಮನೆ, ಬೋರ್‌ವೆಲ್ಲು, ಎಲ್ಲ ಹೀಗೇ ನಡೀತದೆ.

ನೋಡಿ, ಮೇಡಂ ಹತ್ತಿರ ಎಲ್ಲದಕ್ಕೂ ಉತ್ತರ ಇತ್ತು. ಹೆಣ್ಣುಮಗು ಫ್ಯಾಕ್ಟರೀಲಾ ಅಂದರೆ ಉತ್ತರ ಇತ್ತು. ನೆಂಟರು ಏನಂತಾರೋ ಅಂದರೂ ಇತ್ತು. ಜಾತಕದಲ್ಲಿ ಕಬ್ಬಿಣ ಆಗಿಬರಲ್ಲ ಅಂತ ಒಬ್ಬರು ಬಂದಿದ್ದಾಗ, ನಿಮ್ಮ ಮಗಳು ಕಾವಲಿ ಮೇಲೆ ದೋಸೆ ಹುಯ್ಯಲ್ವಾ ಅಂತ ಕೇಳಿ ಬಾಯಿ ಮುಚ್ಚಿಸಿದ್ದರು. ಊರಮ್ಮನಿಗೆ ಏನಂತ ಉತ್ತರ ಕೊಡೋದು? ಅಮ್ಮನನ್ನ ಎದುರಿಗೆ ಕೂರಿಸಿ ಕೌನ್ಸೆಲಿಂಗ್ ಮಾಡೋಕಾಗುತ್ತಾ?

"ಇನ್ನೊಂದು ಸಲ ಕೇಳಬಹುದಲ್ಲ" ಅಂದರು, ಸೋತ ದನಿಯಲ್ಲಿ.

"ಒಂದೇ ಮಾತನ್ನ ಎರಡು ಸಲ ಕೇಳೋ ಹಾಗಿಲ್ಲ ಮೇಡಂ. ಅಮ್ಮನ್ನೇ ಪರೀಕ್ಷೆ ಮಾಡಿದ ಹಾಗಾಗುತ್ತೆ."

"ದಿವ್ಯ ಏನಂದಳು?"

"ಏನೂ ಅನ್ನಲಿಲ್ಲ. ಮೂಲೇಲಿ ಕೂತವ್ಳೆ. ಊಟ ಬೇಡ ಅಂತಾಳೆ." ಕೃಷ್ಣಯ್ಯ ನೆಲ ನೋಡ್ತಾ ಹೇಳಿದರು. ಆ ಮುಖದಲ್ಲಿ ಸಂಕಟ ಇತ್ತು, ಸುಳ್ಳಲ್ಲ. ಆದರೆ ಸಂಕಟದ ಜೊತೆಗೆ ಒಂದು ಸಮಾಧಾನವೂ ಇತ್ತು. ಬೇಡ ಅನ್ನೋ ಮಾತನ್ನ ತಾನು ಹೇಳದೆ ಬೇರೆ ಯಾರೋ ಹೇಳಿಬಿಟ್ಟರಲ್ಲ ಅನ್ನೋ ಸಮಾಧಾನ. ಮೇಡಂ ಅಂಥ ಮುಖಗಳನ್ನ ಬೇಕಾದಷ್ಟು ನೋಡಿದ್ದರು.

ಅವರು ಮೆಟ್ಟಿಲಿಳಿದು ಹೋದ ಮೇಲೆ ಮೇಡಂಗೆ ಸಿಟ್ಟು ಬಂತು. "ಏನ್ ಮಂದೀನೋ ಏನೋ, ಕೈಗೆ ಬಂದದ್ದನ್ನ ಚೆಲ್ಲಿ ಕುಂದರ್ತಾರ" ಅಂತ ಖಾಲಿ ಕುರ್ಚಿಗೆ ಬೈದರು. ಆಮೇಲೆ ಸಿಟ್ಟು ಇಳೀತು. ಆ ಹುಡುಗಿಗೆ ಆಸೆ ಹುಟ್ಟಿಸಿದ್ದು ಯಾರು? ಇವರೇ. ಅಚ್ಚಿನ ಮುಂದೆ ನಿಲ್ಲಿಸಿದ್ದೂ ಇವರೇ. ಈಗ ಮಗು ಮೂಲೆಯಲ್ಲಿ ಕೂತಿದೆ ಅಂದರೆ ಇವರಿಗೆ ಅನ್ನ ಹೇಗೆ ಇಳೀಬೇಕು?

ಭಾನುವಾರ ಬೆಳಿಗ್ಗೆ ತಿಂಡಿ ಕೂಡ ಸರಿಯಾಗಿ ಮುಗಿಸದೆ ಆಟೋ ಹತ್ತಿದರು. ಹೋಗಿ ಏನು ಮಾತಾಡ್ಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದರೂ ಒಂದೂ ಹೊಳೀಲಿಲ್ಲ.

ಬಾಗಿಲು ತೆರೆದವಳು ದಿವ್ಯಳೇ. ಕಣ್ಣು ಊದಿತ್ತು. ಮೇಡಂನ ನೋಡಿ ನಗೋಕೆ ಹೋದಳು, ನಗು ಬರಲಿಲ್ಲ. ಒಳಗೆ ಹೋಗಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಳು. ಅವಳ ತಾಯಿ ಮಾಲಾ ಕಾಫಿಗೆ ಹಾಲಿಟ್ಟರು. ಕೃಷ್ಣಯ್ಯ ಪ್ಲಾಸ್ಟಿಕ್ ಕುರ್ಚಿ ಒರೆಸಿ ಮುಂದಕ್ಕಿಟ್ಟರು. ಅಜ್ಜಿ ಅಕ್ಕಯ್ಯಮ್ಮ ಚಾಪೆ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಮೇಡಂ ಅಂದುಕೊಂಡಿದ್ದು, ಅಜ್ಜಿ ಗಟ್ಟಿ ಹೆಂಗಸು, ಜಗಳಕ್ಕೆ ನಿಲ್ತಾರೆ ಅಂತ. ಇಲ್ಲಿ ನೋಡಿದರೆ ಮೊಮ್ಮಗಳಿಗಿಂತ ಹೆಚ್ಚಾಗಿ ಅಜ್ಜಿಯ ಕಣ್ಣೇ ಊದಿತ್ತು.

"ನಾನೇ ಕಣಮ್ಮ ಕೇಳಿದ್ದು" ಅಂದರು ಅಜ್ಜಿ. "ನನ್ನ ಬಾಯಿಗೆ ಮಣ್ಣು ಹಾಕ. ಮಗು ಎಷ್ಟು ಆಸೆ ಇಟ್ಕೊಂಡಿತ್ತು. ನಾನು ಹೋಗಿ ಕೇಳದೇ ಇದ್ದಿದ್ರೆ ಆಗ್ತಿತ್ತು. ಕೇಳಿ, ಅಮ್ಮ ಎಡಕ್ಕೆ ಕೊಟ್ಟ ಮೇಲೆ, ಹೆಂಗಮ್ಮ ಮೀರೋದು?"

ಇಲ್ಲೊಂದು ಮಾತು ಹೇಳ್ಬೇಕು. ಮೇಡಂ ದಿನಾ ಮಾಡೋ ಕೆಲಸದಲ್ಲಿ ಅರ್ಧ ಪಾಲು ಇದೇ. ‘ಮಗ ಓದಲ್ಲ ಅಂತಾನೆ ಮೇಡಂ’ ಅಂತ ಅಪ್ಪ ಅಮ್ಮ ಬರ್ತಾರೆ. ಮೇಡಂ ಮೊದಲು ಕೇಳೋದು, ನೀವು ಅವನನ್ನ ಏನಂತ ಕೇಳಿದ್ರಿ ಅಂತ. ವಿಚಾರಿಸಿದರೆ, ‘ನಮ್ಮ ಮಾನ ತೆಗೀಬೇಕು ಅಂತಿದ್ದೀಯೇನೋ’ ಅಂತ ಕೇಳಿರ್ತಾರೆ. ಹುಡುಗ ಇಲ್ಲ ಅಂದಿರ್ತಾನೆ. ಆ ‘ಇಲ್ಲ’ ಒಂದನ್ನೇ ಹಿಡ್ಕೊಂಡು ಇಲ್ಲಿವರೆಗೂ ಬಂದಿರ್ತಾರೆ. ಆದ್ದರಿಂದ ಉತ್ತರ ಕೇಳಿದ ಕೂಡಲೇ ಪ್ರಶ್ನೆ ಏನಿತ್ತು ಅಂತ ವಿಚಾರಿಸೋದು ಇವರಿಗೆ ಕೆಮ್ಮಿನ ಹಾಗೆ ಅಭ್ಯಾಸವಾಗಿಬಿಟ್ಟಿದೆ. ಈಗಲೂ ಅಷ್ಟೇ, ಯೋಚನೆ ಮಾಡಿ ಕೇಳಿದ್ದಲ್ಲ.

"ಅಜ್ಜಿ, ನೀವು ಅಮ್ಮನ್ನ ಏನಂತ ಕೇಳಿದ್ರಿ?"

"ಅದನ್ನ ಬಾಯಿ ಬಿಟ್ಟು ಹೇಳಬಾರದು ಕಣಮ್ಮ. ಹೇಳಿದ್ರೆ ಕೆಡುತ್ತೆ."

"ಎಡಕ್ಕೆ ಬಿದ್ದಾಯ್ತಲ್ಲ ಅಜ್ಜಿ. ಇನ್ನು ಕೆಡೋಕೆ ಏನು ಉಳಿದಿದೆ?"

ಅದೂ ನಿಜವೇ ಅನ್ನಿಸಿರಬೇಕು. ಅಜ್ಜಿ ಸೆರಗಿನಿಂದ ಮೂಗು ಒರೆಸ್ಕೊಂಡು, ಮಗನ ಕಡೆ ನೋಡದೆ ಹೇಳಿದರು.

"ಇವನು ಕೈಗೆ ಬಟ್ಟೆ ಸುತ್ಕೊಂಡು ಮನೆಗೆ ಬಂದ ದಿನ ಇನ್ನೂ ನನ್ನ ಕಣ್ಣ ಮುಂದೆ ಐತೆ. ನಂಗೆ ಬೇರೆ ಯಾವ ಮಾತೂ ಬರಲಿಲ್ಲ ಕಣಮ್ಮ. ‘ತಾಯೀ, ಇವರಪ್ಪಂಗೆ ಆದ ಹಂಗೆ ಈ ಮಗೀಗೂ ಆಗುತ್ತಾ, ಇದರ ಕೈಯೂ ಹೋಗುತ್ತಾ, ಹೇಳ್ಬಿಡು’ ಅಂತ ಕೇಳ್ದೆ. ಎಡಗಡೆ ಹೂವು ಪಟ್ ಅಂತ ಬಿತ್ತು. ಎಡ ನೋಡಿದ್ದೇ ಅಳ್ತಾ ಬಂದ್ಬಿಟ್ಟೆ."

ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು.

"ಕೈ ಹೋಗುತ್ತಾ ಅಂತ ಕೇಳಿದ್ರಿ."

"ಹೂಂ."

"ಅಮ್ಮ ಎಡಕ್ಕೆ ಕೊಟ್ಟಳು."

"ಹೂಂ ಕಣಮ್ಮ, ಎಷ್ಟು ಸಲ ಹೇಳ್ಲಿ."

"ಎಡ ಅಂದ್ರೇನು ಅಜ್ಜಿ?"

"ಎಡ ಅಂದ್ರೆ ಇಲ್ಲ ಅಂತ..." ಅಜ್ಜಿಯ ಬಾಯಿ ತೆರೆದದ್ದು ತೆರೆದ ಹಾಗೇ ಉಳೀತು. ಅಡುಗೆಮನೆ ಬಾಗಿಲಿಗೆ ಒರಗಿದ್ದ ದಿವ್ಯ ನೆಟ್ಟಗೆ ನಿಂತಳು. ಒಳಗೆ ಹಾಲು ಉಕ್ಕಿ ಒಲೆ ಮೇಲೆಲ್ಲ ಚೆಲ್ತಾ ಇತ್ತು, ಮಾಲಾ ಅದನ್ನ ಬಿಟ್ಟು ಹೊರಗೆ ಬಂದು ನಿಂತಿದ್ದರು.

ಮೊದಲು ಬಾಯಿ ಬಿಟ್ಟಿದ್ದು ಕೃಷ್ಣಯ್ಯ. "ಹಂಗೆಲ್ಲ ಅಲ್ಲ ಮೇಡಂ. ಎಡ ಅಂದ್ರೆ ಎಡವೇ. ಯಾವತ್ತಿದ್ರೂ ಅಪಶಕುನ."

"ನೀವು ಹೇಳಿದ್ರೂ ಬೇಡ, ನಾನು ಹೇಳಿದ್ರೂ ಬೇಡ. ಪೂಜಾರಿಗಳನ್ನೇ ಕೇಳೋಣ ನಡೀರಿ" ಅಂದರು ಮೇಡಂ, ಆಗಲೇ ಚಪ್ಪಲಿ ಹುಡುಕ್ತಾ.

ಗುಡಿ ಎರಡು ಬೀದಿ ಆಚೆಗಿತ್ತು. ಪೂಜಾರಿ ಮುನಿರಾಮಯ್ಯ ಬೆಳಗಿನ ಪೂಜೆ ಮುಗಿಸಿ ಹಿತ್ತಾಳೆ ತಟ್ಟೆ ಉಜ್ತಾ ಕೂತಿದ್ದರು. ಒಂದು ಮನೆಗೆ ಮನೆಯೇ ಬಂದು ಸುತ್ತ ನಿಂತದ್ದು ನೋಡಿ ಅವರಿಗೂ ಗಾಬರಿಯಾಯಿತು. ಅಕ್ಕಯ್ಯಮ್ಮ ತಡವರಿಸ್ಕೊಂಡು ಎಲ್ಲ ಹೇಳಿದರು. ಕೇಳ್ತಾ ಕೇಳ್ತಾ ಪೂಜಾರಿ ತಟ್ಟೆ ಉಜ್ಜೋದು ನಿಲ್ಲಿಸಿ ಹಣೆ ಹಿಡ್ಕೊಂಡರು.

"ಅಲ್ಲಮ್ಮ, ನೀನೇನು ಈ ಗುಡಿಗೆ ಹೊಸಬಳಾ? ಒಳ್ಳೇದಾಗುತ್ತಾ ಅಂತ ಕೇಳ್ಬೇಕು. ಕೆಟ್ಟದಾಗುತ್ತಾ ಅಂತ ಯಾರಾದ್ರೂ ಕೇಳ್ತಾರಾ?"

"ಹೆದರಿಕೇಲಿ ಅದೇ ಬಾಯಿಗೆ ಬಂತು ಮುನಿರಾಮಯ್ಯ."

"ನೀನು ಮನಸ್ಸಲ್ಲಿ ಏನು ಕೇಳಿದೆಯೋ ನಂಗೇನು ಗೊತ್ತು? ಎಡಕ್ಕಾಯ್ತಮ್ಮ ಅಂದೆ. ಮಂಗಳಾರತಿ ಕೂಡ ತಗೊಳ್ದೆ ಓಡಿಹೋದೆ. ಬಲ ಅಂದ್ರೆ ಹೂಂ, ಎಡ ಅಂದ್ರೆ ಊಹೂಂ. ಇದರಲ್ಲಿ ಶಕುನ ಅಪಶಕುನ ಏನೂ ಇಲ್ಲ. ಕೈ ಹೋಗುತ್ತಾ ಅಂದೆ, ಹೋಗಲ್ಲ ಅಂದಳು. ಇನ್ನೇನು ಅವಳು ಎದ್ದು ಬಂದು ಹೇಳ್ಬೇಕಾಗಿತ್ತಾ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ದೇವರೂ ಕೊಟ್ಟಾಗಿತ್ತು, ಪೂಜಾರಿಯೂ ಕೊಟ್ಟಾಗಿತ್ತು. ಅಜ್ಜಿ ಅದನ್ನ ಸೆರಗಿನಲ್ಲಿ ಕಟ್ಕೊಂಡು ಹೋಗಿ ಮನೆಯಲ್ಲಿ ಅಳ್ತಾ ಕೂತಿದ್ದರು. ಈಗ ಮತ್ತೆ ಅತ್ತರು. ಆದರೆ ಇದು ಬೇರೆ ಅಳು. ಮಾಲಾ ಅತ್ತೆಯ ಬೆನ್ನು ಸವರ್ತಾ ತಾವೂ ಕಣ್ಣು ಒರೆಸ್ಕೊಂಡರು. ನೀಲಾಂಬಿಕಾ ಮೇಡಂಗೆ ಹೋದ ಜೀವ ಬಂದ ಹಾಗಾಯಿತು. ಕಂಬ ಹಿಡ್ಕೊಂಡು ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟರು. ನಗಬೇಕು ಅನ್ನಿಸ್ತು, ಗುಡಿ ಅಂತ ತಡ್ಕೊಂಡರು.

ಆದರೆ ಕೃಷ್ಣಯ್ಯ ಒಳಗೆ ಬಂದಿರಲಿಲ್ಲ. ಬಾಗಿಲ ಹೊರಗೆ, ಬೇವಿನ ಮರದ ಕೆಳಗೆ ಒಬ್ಬರೇ ನಿಂತಿದ್ದರು.

ಮೇಡಂಗೆ ಅರ್ಥವಾಯಿತು. ಇಷ್ಟು ಹೊತ್ತು ಅವರ ‘ಬೇಡ’ವನ್ನ ಗುಡಿಯ ಅಮ್ಮ ಹೊತ್ತಿದ್ದಳು. ಈಗ ಅವಳು ಇಳಿಸಿಬಿಟ್ಟಿದ್ದಾಳೆ. ಬೇಡ ಅನ್ನೋದಾದರೆ ಇನ್ನು ಅವರೇ, ಮಗಳ ಮುಖ ನೋಡಿ, ಸ್ವಂತ ಬಾಯಲ್ಲಿ ಹೇಳ್ಬೇಕು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ಆ ಭಯಕ್ಕೆ ಯಾವ ಪೂಜಾರಿ ಏನು ಹೇಳಿದರೆ ಏನು. ಎದ್ದು ಹೋಗಿ ನಾಲ್ಕು ಮಾತು ಹೇಳೋಣ ಅಂತ ಮೇಡಂ ನಾಲಿಗೆ ತುರಿಸ್ತು. ಬೇಡ, ಇದು ನನ್ನ ಮಾತಿನ ಜಾಗ ಅಲ್ಲ, ಅಂತ ಹಲ್ಲು ಕಚ್ಕೊಂಡು ಕೂತರು. ಅವರ ಜೀವಮಾನದಲ್ಲಿ ಅಷ್ಟು ಕಷ್ಟದ ಕೌನ್ಸೆಲಿಂಗ್ ಇನ್ನೊಂದು ಇರಲಿಲ್ಲ.

ದಿವ್ಯಳೇ ಹೊರಗೆ ಹೋದಳು. ಕಟ್ಟೆ ಮೇಲಿನಿಂದ ಮೇಡಂಗೆ ಎಲ್ಲ ಕೇಳಿಸ್ತಿತ್ತು.

"ಅಪ್ಪ, ನಾನು ಪ್ರೆಸ್ ಹೊಡೆಯೋಕೆ ಹೋಗ್ತಿಲ್ಲ. ಪ್ರೆಸ್ಸಿಗೆ ಹಾಕ್ತಾರಲ್ಲ, ಆ ಅಚ್ಚು ಮಾಡೋಕೆ ಹೋಗ್ತಿರೋದು."

"ಗೊತ್ತು."

"ಕೈ ಒಳಗೆ ಹೋಗೋಕೆ ಜಾಗಾನೇ ಇಲ್ಲದ ಹಾಗೆ ಅಚ್ಚು ಮಾಡಬಹುದಂತೆ ಅಪ್ಪ. ಸುತ್ತ ಮುಚ್ಚಿರುತ್ತೆ, ಬರೀ ತಗಡು ಮಾತ್ರ ಹೋಗುತ್ತೆ. ಟೂಲ್ ರೂಮಲ್ಲಿ ಅವತ್ತು ಒಂದು ತೋರಿಸಿದ್ರು. ನಾನು ಅದನ್ನೇ ನೋಡ್ತಾ ನಿಂತಿದ್ದು." ದಿವ್ಯ ಅಪ್ಪನ ಬಲಗೈ ನೋಡಿದಳು. "ನಿಂಗೆ ಕೊಟ್ಟಿದ್ದು ಹಂಗಿರಲಿಲ್ಲ ಅಲ್ವಾ?"

ಮೇಡಂ ಕಂಬ ಬಿಟ್ಟು ನೆಟ್ಟಗೆ ಕೂತರು. ಚುಕ್ಕೆ, ಬಕೆಟ್ಟು, ಮಗ್ಗು ಅಂತ ಇವರು ಊರೆಲ್ಲ ಹೇಳ್ಕೊಂಡು ತಿರುಗಿದ್ದೇ ಬಂತು. ಆ ಹುಡುಗಿ ಯಾವ ಅಚ್ಚಿನ ಮುಂದೆ ನಿಂತಿದ್ದಳು, ಯಾಕೆ ನಿಂತಿದ್ದಳು ಅಂತ ಒಂದು ಸಲವೂ ಕೇಳಿರಲಿಲ್ಲ.

ಕೃಷ್ಣಯ್ಯ ಬಲಗೈಯನ್ನ ಬೆನ್ನ ಹಿಂದೆ ಇಟ್ಕೊಂಡರು. ಮಗಳ ಕಡೆ ನೋಡದೆ, ರಸ್ತೆ ನೋಡ್ತಾ ಶುರು ಮಾಡಿದರು.

"ಜಡೆ ಹಿಂಗೆ ಇಳಿಬಿಟ್ಕೊಂಡು ಮಷೀನ್ ಹತ್ರ ಹೋಗ್ಬೇಡ. ಎತ್ತಿ ಕಟ್ಟು, ಮೇಲೆ ಟೋಪಿ ಹಾಕ್ಕೋ."

"ಹೂಂ ಅಪ್ಪ."

"ವೇಲು ಬೇಡ. ಉಂಗುರ, ವಾಚು ಏನೂ ಬೇಡ. ಓಡೋ ಮಷೀನನ್ನ ಒರೆಸೋಕೆ ಹೋಗ್ಬೇಡ. ಎಷ್ಟೇ ದೊಡ್ಡೋರು ಬಂದು ತಲೆ ಮೇಲೆ ನಿಂತು ಬೇಗ ಬೇಗ ಅಂದ್ರೂ ಆಫ್ ಮಾಡ್ಬಿಟ್ಟೇ ಕೈ ಹಾಕು. ಬೈದ್ರೆ ಬೈಸ್ಕೋ. ನಂಗೆ ಅವತ್ತು ಅವಸರ ಮಾಡಿದ್ರು ಕಣೇ. ನಾನು ಆಫ್ ಮಾಡ್ಲಿಲ್ಲ." ಒಮ್ಮೆ ಗುಡಿಯ ಬಾಗಿಲ ಕಡೆ ನೋಡಿದರು. "ಇದನ್ನ ಯಾರಿಗೂ ಹೇಳಿರ್ಲಿಲ್ಲ. ನಿಮ್ಮಮ್ಮಂಗೂ ಹೇಳಿಲ್ಲ."

"ಹೂಂ ಅಪ್ಪ."

"ನಾಳೆ ರಜ ಹಾಕ್ತೀನಿ. ನಾನೇ ಬರ್ತೀನಿ ಸೇರಿಸೋಕೆ."

ಒಪ್ಪಿದೆ ಅಂತ ಬಾಯಿಬಿಟ್ಟು ಅವರು ಹೇಳಲೇ ಇಲ್ಲ. ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ. ಮೇಡಂ ಸೀರೆ ಅಂಚಿನಿಂದ ಕನ್ನಡಕ ಒರೆಸ್ಕೊಂಡರು. ಎಷ್ಟು ಒರೆಸಿದರೂ ಮಂಜು ಹೋಗಲಿಲ್ಲ. ಬೆಳಿಗ್ಗೆ ಅರ್ಧಕ್ಕೆ ಬಿಟ್ಟು ಬಂದ ಉಪ್ಪಿಟ್ಟಿನ ನೆನಪಾಯಿತು. ಹಸಿವು ಇಷ್ಟು ಚೆನ್ನಾಗಿರುತ್ತೆ ಅಂತ ಅವರಿಗೆ ಮರೆತೇ ಹೋಗಿತ್ತು.

ಮುನಿರಾಮಯ್ಯ ಕರ್ಪೂರ ಹಚ್ಚಿ, ಅಕ್ಕಯ್ಯಮ್ಮ ಅವತ್ತು ಬಿಟ್ಟುಹೋದ ಮಂಗಳಾರತಿಯನ್ನ ಕೊಟ್ಟರು. ಹೊರಗೆ ಬಂದ ಅಜ್ಜಿ ನೋಡಿದರೆ, ಮೊಮ್ಮಗಳು ಬೇವಿನ ಮರದ ಕಟ್ಟೆ ಮೇಲೆ ಕೂತು ಬಳೆ ತೆಗೀತಿದ್ದಾಳೆ.

"ಇವತ್ತೇ ಯಾಕೇ ತೆಗೀತೀಯ, ಬೋಳುಗೈಲಿ ಇರ್ತೀಯಾ?"

"ನಾಳೆ ಬೆಳಿಗ್ಗೆ ಅವಸರ ಆಗುತ್ತೆ ಅಜ್ಜಿ."

"ಸರಿ, ಮಂಗಳವಾರ ಶುಕ್ರವಾರ ಅಲ್ಲವಲ್ಲ, ತೆಗಿ" ಅಂತ ಅಜ್ಜಿ ಪಕ್ಕದಲ್ಲಿ ಕೂತು ಮಡಿಲು ಒಡ್ಡಿದರು.

ಹಬ್ಬಕ್ಕೆ ತೊಡಿಸಿದ ಗಾಜಿನ ಬಳೆ, ಬಿಗಿಯಾಗಿತ್ತು. ಗೆಣ್ಣಿನ ಹತ್ತಿರ ಬಂದು ಸಿಕ್ಕಿಕೊಂಡಿತು. ದಿವ್ಯ ಎಳೆದಳು.

"ಎಳೀಬೇಡ, ಒಡೆದು ಕೈ ಕೊಯ್ಯುತ್ತೆ. ಇಲ್ಲಿ ಕೊಡು" ಅಂದರು ಕೃಷ್ಣಯ್ಯ. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳ ಬೆರಳುಗಳನ್ನೆಲ್ಲ ಒಟ್ಟಿಗೆ ಮಡಚಿ ಹಿಡಿದು, ತುದಿ ಇಲ್ಲದ ಬೆರಳಿನಿಂದ ಗೆಣ್ಣನ್ನ ಮೆತ್ತಗೆ ಒತ್ತಿ, ಒಂದೊಂದೇ ಬಳೆಯನ್ನ ಜಾರಿಸಿ ತಮ್ಮ ತಾಯಿಯ ಮಡಿಲಿಗೆ ಹಾಕಿದರು. ಎರಡು ಕೈಯದೂ ಆಯಿತು. ಒಂದು ಬಳೆಯೂ ಒಡೀಲಿಲ್ಲ, ದಿವ್ಯಳ ಕೈಗೆ ಒಂದು ಗೀರೂ ಬೀಳಲಿಲ್ಲ.